ಕಾರ್ ಶೆಡ್ಡನ್ನು ವಾಸದ ಕೋಣೆ ಮಾಡುವುದು: ಮಲೆನಾಡಿನಲ್ಲಿ ಮೊದಲು ನೀರು, ಆಮೇಲೆ ಬಣ್ಣ

ಕಾರ್ ಶೆಡ್ಡಿಗೆ ಗೋಡೆ, ಮಾಡು ಎರಡೂ ಇವೆ, ಶಟರ್ ತೆಗೆದು ಗೋಡೆ ಎಬ್ಬಿಸಿ ಟೈಲ್ಸ್ ಹಾಕಿದರೆ ಕೋಣೆ ಆಯ್ತಲ್ಲ ಅನ್ನುವ ಲೆಕ್ಕ ಬಯಲುಸೀಮೆಗೆ ಸರಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೀಗೆ ಮಾಡಿದ ಕೋಣೆಯಲ್ಲಿ ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಗೋಡೆ ಬುಡದ ಪುಟ್ಟಿ ಉದುರುತ್ತದೆ, ಹಾಸಿಗೆಗೆ ಬೂಸ್ಟು ಬರುತ್ತದೆ. ಶೆಡ್ಡು ಕಟ್ಟುವಾಗ ಒಳಗೆ ನೀರು ಬರದಂತೆ ತಡೆಯುವ ಯೋಚನೆ ಯಾರಿಗೂ ಇರುವುದಿಲ್ಲ. ಬಂದ ನೀರು ಹೊರಗೆ ಹರಿದರೆ ಸಾಕು ಎಂದು ನೆಲವನ್ನು ಶಟರಿನ ಕಡೆ ಇಳಿಜಾರು ಮಾಡಿರುತ್ತಾರೆ, ಅಷ್ಟೇ.

ಆದ್ದರಿಂದ ಪರೀಕ್ಷೆ ಮಳೆಗಾಲದಲ್ಲಿ, ಕೆಲಸ ದೀಪಾವಳಿ ಕಳೆದ ಮೇಲೆ. ಆರಿದ್ರಾದಿಂದ ಆಶ್ಲೇಷ ಮುಗಿಯುವವರೆಗೆ ಶೆಡ್ಡನ್ನು ಖಾಲಿ ಬಿಟ್ಟು ನೋಡಿ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ ತೇವ ನೆಲದಿಂದಲೇ ಏಳುತ್ತಿದೆ. ಗೋಡೆಯ ಮೇಲೆ ಒದ್ದೆ ಎಲ್ಲಿದೆ ಎಂಬುದನ್ನೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬುಡದಿಂದ ಎರಡು-ಮೂರು ಅಡಿ ಎತ್ತರಕ್ಕೆ ಒಂದೇ ಸಮ ಒದ್ದೆಯಿದ್ದರೆ ಅದು ಪಾಯದಿಂದ ಏರಿದ ನೀರು. ಮೇಲಿನಿಂದ ಗೆರೆಗೆರೆಯಾಗಿ ಇಳಿದಿದ್ದರೆ ಮಾಡಿನದು. ಪಡುವಣ ಗೋಡೆಯಲ್ಲಿ ಅಲ್ಲಲ್ಲಿ ತೇಪೆಯಂತೆ ಕಂಡರೆ ಎರಚಲಿನದು. ಮೂರಕ್ಕೂ ಮದ್ದು ಬೇರೆ. ಮೂರಕ್ಕೂ ಒಂದೇ ವಾಟರ್‌ಪ್ರೂಫ್ ಬಣ್ಣ ಬಳಿಯುವುದು ದುಡ್ಡು ದಂಡ.

ಗುಡ್ಡದ ದರೆ ಕಡಿದು ಮಾಡಿದ ಶೆಡ್ಡಾದರೆ ಹಿಂದಿನ ಗೋಡೆಗೆ ನಾಲ್ಕು ತಿಂಗಳೂ ಜಲದ ಒತ್ತಡ ಇರುತ್ತದೆ. ಒಳಗಿನಿಂದ ಏನು ಬಳಿದರೂ ನೀರು ಅದನ್ನು ಹಿಂದಿನಿಂದ ತಳ್ಳಿ ಕೀಳುತ್ತದೆ. ಇದಕ್ಕೆ ತೋಟದ ಉಪಾಯವೇ ಸರಿ: ಬಸಿಗಾಲುವೆ. ಗೋಡೆಯ ಹೊರಗೆ, ಒಳನೆಲಕ್ಕಿಂತ ಕನಿಷ್ಠ ಒಂದಡಿ ಆಳಕ್ಕೆ ಕಾಲುವೆ ತೆಗೆದು, ತೂತು ಕೊರೆದ 4 ಇಂಚಿನ ಪಿವಿಸಿ ಪೈಪನ್ನು 100 ಅಡಿಗೆ ಒಂದಡಿ ಇಳಿಜಾರಿನಲ್ಲಿ ಮಲಗಿಸಿ. ಸುತ್ತ 40 ಎಂಎಂ ಜಲ್ಲಿ ತುಂಬಿ, ಇಡೀ ಜಲ್ಲಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ. ಬಟ್ಟೆ ಬಿಟ್ಟರೆ ಕೆಂಪುಮಣ್ಣು ನುಗ್ಗಿ ಜಲ್ಲಿ ಕಟ್ಟಿಕೊಳ್ಳುತ್ತದೆ. ಕಾಲುವೆಯನ್ನು ಪಾಯದ ತಳಕ್ಕಿಂತ ಕೆಳಗೆ ಮಾತ್ರ ತೋಡಬೇಡಿ, ಗೋಡೆ ಕೂರುತ್ತದೆ. ರಸ್ತೆ ಎತ್ತರದಲ್ಲಿದ್ದು ಕಾರಿನ ರ‍್ಯಾಂಪು ಶೆಡ್ಡಿನ ಕಡೆ ಇಳಿಯುತ್ತಿದ್ದರೆ, ಬಾಗಿಲ ಮುಂದೆ ಅಡ್ಡಲಾಗಿ 6 ಇಂಚು ಅಗಲದ ಚರಂಡಿ, ಮೇಲೆ ಕಬ್ಬಿಣದ ಜಾಲರಿ ಬೇಕೇ ಬೇಕು.

ನೆಲ ಎತ್ತರಿಸುವ ಮೊದಲು ಟೇಪು ಹಿಡಿದು ಎತ್ತರ ಅಳೆಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವುದು 2.75 ಮೀಟರ್, ಅಂದರೆ 9 ಅಡಿ. ಕಾರ್ ಶೆಡ್ಡಿಗೆ 2.4 ಮೀಟರೇ ಸಾಕು. ಎಂಟಡಿಯ ಶೆಡ್ಡಿನಲ್ಲಿ ನೆಲ ಅರ್ಧ ಅಡಿ ಏರಿಸಿ ಫ್ಯಾನು ಹಾಕಿದರೆ ಕೈ ಎತ್ತಿದವರ ಬೆರಳು ಹೋಗುತ್ತದೆ. ಅಂಥ ಶೆಡ್ಡಿಗೆ ಮಾಡು ಎತ್ತುವುದೊಂದೇ ದಾರಿ. ಅದಾಗದಿದ್ದರೆ ಅದು ಉಗ್ರಾಣವಾಗಿಯೇ ಇರಲಿ.

ಇನ್ನು ನೆಲ. ಆಯಿಲ್ ಕುಡಿದ ಕಾಂಕ್ರೀಟನ್ನು ಉಳಿಯಿಂದ ಒಡೆದು ತೆಗೆಯಬೇಕು, ಅದರ ಮೇಲೆ ಸಿಮೆಂಟು ಕಚ್ಚುವುದಿಲ್ಲ. ನಮ್ಮ ಕಡೆಯ ಶೆಡ್ಡುಗಳಲ್ಲಿ ಇನ್ನೊಂದು ಪೀಡೆ ಮೈಲುತುತ್ತ (ಕಾಪರ್ ಸಲ್ಫೇಟ್). ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಡ್ರಮ್ಮು ಇಟ್ಟ ಜಾಗದಲ್ಲಿ ನೆಲ ನೀಲಿಯಾಗಿರುತ್ತದೆ. ಅದರ ಸಲ್ಫೇಟು ಕಾಂಕ್ರೀಟನ್ನು ಪುಡಿ ಮಾಡುತ್ತದೆ, ಒಳಗಿನ ಕಂಬಿಯನ್ನೂ ತಿನ್ನುತ್ತದೆ. ಆ ಭಾಗವನ್ನು ಪೂರ್ತಿ ಕಿತ್ತು ಹಾಕಿ. ಆಮೇಲೆ ಗೆದ್ದಲಿನ ಔಷಧ: ನೆಲ-ಗೋಡೆ ಸೇರುವಲ್ಲಿ ಒಂದೊಂದು ಅಡಿಗೆ 12 ಎಂಎಂ ತೂತು ಕೊರೆದು, ಇಮಿಡಾಕ್ಲೋಪ್ರಿಡ್ 30.5% ಅನ್ನು ಲೀಟರ್ ನೀರಿಗೆ 2.1 ಮಿ.ಲೀ.ನಂತೆ ಬೆರೆಸಿ, ತೂತಿಗೆ ಒಂದು ಲೀಟರ್ ಇಳಿಸಿ, ಸಿಮೆಂಟಿನಿಂದ ಮುಚ್ಚಿ. ಪಕ್ಕದಲ್ಲೇ ಕುಡಿಯುವ ನೀರಿನ ಬಾವಿಯಿದ್ದರೆ ಈ ಔಷಧ ಬೇಡ.

ಎತ್ತರ ಏರಿಸಲು ಮಣ್ಣು ತುಂಬಬೇಡಿ. ಮಣ್ಣು ಬತ್ತಿಯಂತೆ ನೀರನ್ನು ಮೇಲಕ್ಕೆಳೆಯುತ್ತದೆ. ದಪ್ಪ ಜಲ್ಲಿ ತುಂಬಿ ದಮ್ಮಸ್ಸು ಹೊಡೆಯಿರಿ, ಮೇಲೆ ತೆಳುವಾಗಿ ಮರಳು ಹರಡಿ. ಅದರ ಮೇಲೆ 250 ಮೈಕ್ರಾನ್ ಪಾಲಿಥಿನ್ ಹಾಳೆ. ಹಾಳೆಗಳು ಸೇರುವಲ್ಲಿ ಒಂದರ ಮೇಲೊಂದು ಕನಿಷ್ಠ 6 ಇಂಚು ಏರಿರಬೇಕು, ಅಂಚು ಗೋಡೆಗೆ ಮುಗಿದ ನೆಲದ ಮಟ್ಟದವರೆಗೆ ಹತ್ತಿರಬೇಕು. ಬುಟ್ಟಿ ಹೊತ್ತವರು ಅದರ ಮೇಲೆ ಓಡಾಡಿ ತೂತು ಮಾಡುವುದೇ ಜಾಸ್ತಿ, ಹಲಗೆ ಹಾಕಿಕೊಡಿ. ಮೇಲೆ 3 ಇಂಚು ಕಾಂಕ್ರೀಟು, 1:2:4 (ಸಿಮೆಂಟು, ಮರಳು, ಜಲ್ಲಿ). ಹತ್ತು-ಹದಿನೆಂಟು ಅಡಿಯ ಶೆಡ್ಡಿಗೆ 8 ಚೀಲ ಸಿಮೆಂಟು, 20 ಘನ ಅಡಿ ಎಂ-ಸ್ಯಾಂಡ್, 40 ಘನ ಅಡಿ 20 ಎಂಎಂ ಜಲ್ಲಿ ಹಿಡಿಯುತ್ತದೆ. ಒಂದು ವಾರ ನೀರು ಕಟ್ಟಿ ನಿಲ್ಲಿಸಿ.

ಶಟರನ್ನು ನೀವೇ ಬಿಚ್ಚಲು ಹೋಗಬೇಡಿ. ಮೇಲಿನ ಡಬ್ಬದೊಳಗಿನ ಸ್ಪ್ರಿಂಗು ಬಿಗಿಯಾಗಿ ಸುತ್ತಿರುತ್ತದೆ, ತಪ್ಪಿ ಬಿಚ್ಚಿದರೆ ಕೈ ಮುರಿಯುತ್ತದೆ. ಶಟರ್ ಕೆಲಸದವರಿಗೇ ಬಿಡಿ. ಶಟರಿದ್ದ ಜಾಗಕ್ಕೆ ಸಾಮಾನ್ಯವಾಗಿ ಪಾಯವೇ ಇರುವುದಿಲ್ಲ. ಬರೀ ನೆಲದ ಮೇಲೆ ಗೋಡೆ ಎಬ್ಬಿಸಿದರೆ ಒಂದೇ ಮಳೆಗಾಲದಲ್ಲಿ ಕೂತು ಎರಡೂ ಬದಿ ಬಿರುಕು ಬಿಡುತ್ತದೆ. ಒಂದೂವರೆ ಅಡಿ ಅಗೆದು, 4 ಇಂಚು ಬೆಡ್ ಕಾಂಕ್ರೀಟು, ಸೈಜುಗಲ್ಲು, ಮೇಲೆ ನಾಲ್ಕು 10 ಎಂಎಂ ಕಂಬಿಯ ಪ್ಲಿಂತ್ ಬೀಮು ಹಾಕಿ. ಹಳೇ ಗೋಡೆಗೆ ಎರಡಡಿಗೊಂದರಂತೆ ಕಂಬಿ ಕೊರೆದು ಕೂರಿಸಿ ಹೊಸ ಗೋಡೆಯನ್ನು ಬೆಸೆಯಿರಿ. ಗಾರೆ ಮಾಡುವಾಗ ಜೋಡಣೆಯ ಮೇಲೆ ಒಂದಡಿ ಅಗಲದ ಕೋಳಿಬಲೆ ಹೊಡೆಯಿರಿ. 9×8 ಅಡಿ ಬಾಯಿಯಲ್ಲಿ 3×7ರ ಬಾಗಿಲು, 4×4ರ ಕಿಟಕಿ ಕಳೆದರೆ ಉಳಿಯುವುದು 35 ಚದರ ಅಡಿ. 6 ಇಂಚಿನ ಸಿಮೆಂಟ್ ಬ್ಲಾಕು 45 ತರಿಸಿದರೆ ಸಾಕು. ಮೇಲಿನ ಹಳೇ ಲಿಂಟಲ್ ಮುಟ್ಟಬೇಡಿ. ಶಟರಿನ ಮೇಲೆ ಸಜ್ಜಾ ಇರುವುದು ಅಪರೂಪ, ಎರಡಡಿ ಚಾಚಿದ ಕಬ್ಬಿಣದ ಚೌಕಟ್ಟಿಗೆ ಶೀಟು ಹಾಕಿಸಿ.

ಒಂದೇ ಕಿಟಕಿ ಸಾಲದು. ಸೆಕೆ-ಮಳೆ ಎರಡೂ ಇರುವ ಸೀಮೆಗೆ ಬಾಗಿಲು ಬಿಟ್ಟು ನೆಲದ ಆರನೇ ಒಂದು ಭಾಗ ಕಿಟಕಿ ಬೇಕೆಂದು ಸಂಹಿತೆ ಹೇಳುತ್ತದೆ. 180 ಚದರ ಅಡಿಗೆ 30. ಎದುರು ಗೋಡೆಯಲ್ಲಿ ಇನ್ನೊಂದನ್ನು ತೆಗೆಸಿ. ಮೊದಲು ಲಿಂಟಲ್ ಕೂರಿಸಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಕೆಳಗಿನ ಗೋಡೆಯ ಜಂಬಿಟ್ಟಿಗೆ (ಕೆಂಪುಕಲ್ಲು) ಬಿಚ್ಚಿ. ಗಾಳಿ ಅಡ್ಡ ಹಾಯದ ಕೋಣೆಯಲ್ಲಿ ಬಟ್ಟೆ ಆರುವುದಿಲ್ಲ, ಬೂಸ್ಟು ಹೋಗುವುದಿಲ್ಲ.

ಶೀಟಿನ ಮಾಡಿನ ಕೆಳಗೆ ಮಳೆ ಬಂದಾಗ ಮಾತು ಕೇಳುವುದಿಲ್ಲ, ತಣ್ಣಗಿನ ರಾತ್ರಿ ಶೀಟಿನಡಿ ಬೆವರೂ ಹನಿಯುತ್ತದೆ. ಬದಲಿಗೆ ಮಂಗಳೂರು ಹೆಂಚು ಹಾಕುವ ಆಸೆಯಿದ್ದರೆ ಇಳಿಜಾರು 25-30 ಡಿಗ್ರಿ ಬೇಕು, ಶೀಟಿನ ಮಾಡಿಗೆ ಅಷ್ಟಿರುವುದಿಲ್ಲ. ಶೀಟೇ ಉಳಿಸುವುದಾದರೆ ಕೆಳಗೆ ಗಾಳಿಯಾಡುವ ಸಂದು ಬಿಟ್ಟು ಸಿಮೆಂಟ್ ಫೈಬರ್ ಬೋರ್ಡಿನ ಸೀಲಿಂಗ್ ಮಾಡಿಸಿ. ಜಿಪ್ಸಮ್ ಬೇಡ, ಅದು ತೇವ ಕುಡಿದು ಜೋತುಬೀಳುತ್ತದೆ.

ಶೆಡ್ಡಿನ ಒಂದು ಬಲ್ಬಿನ ಲೈನಿಗೆ ಇಡೀ ಕೋಣೆ ಜೋತುಹಾಕಬೇಡಿ. ಮನೆಯ ಬೋರ್ಡಿನಿಂದ ಬೇರೆ ಲೈನ್ ಎಳೆದು ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಲೈಟು-ಫ್ಯಾನಿಗೆ 1.5, 16 ಆಂಪಿಯರ್ ಪ್ಲಗ್ಗಿಗೆ 2.5 ಚದರ ಎಂಎಂ ವೈರು.

ಕಾಗದದ ಕೆಲಸವೂ ಇದೆ. ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಎಂದಿದ್ದರೆ ತಿದ್ದಿದ ನಕ್ಷೆಯೊಂದಿಗೆ ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆಯನ್ನು, ಹಳ್ಳಿಯಲ್ಲಿ ಪಂಚಾಯಿತಿಯನ್ನು ಮೊದಲೇ ಕೇಳಿ. ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಪ್ರತ್ಯೇಕ ಮೀಟರಿಗೆ ಮೆಸ್ಕಾಂಗೂ ಅರ್ಜಿ ಹಾಕಬೇಕು. ಕಾರಿಗೆ ಅಂಗಳದಲ್ಲಿ ಹೊಸ ಶೀಟು ಇಳಿಸುವವರು ಅದರ ಸೂರಿನ ನೀರು ಹೊಸ ಗೋಡೆಗೆ ಬೀಳದಂತೆ ದೋಣಿ (ಗಟರ್) ಕಟ್ಟಿಸಲಿ.

ಹೊರಗೋಡೆಗೆ ಎರಡು ಪದರ ಗಾರೆ, ಪ್ರತಿ ಚೀಲ ಸಿಮೆಂಟಿಗೆ ಡಬ್ಬದ ಮೇಲೆ ಬರೆದಷ್ಟು ವಾಟರ್‌ಪ್ರೂಫ್ ದ್ರವ. ಒಳಗೆ ಮೊದಲ ಮಳೆಗಾಲಕ್ಕೆ ಪುಟ್ಟಿ, ಎಮಲ್ಷನ್ ಏನೂ ಬೇಡ, ಸುಣ್ಣ ಸಾಕು. ತೇವ ಉಳಿದಿದ್ದರೆ ಸುಣ್ಣದ ಮೇಲೆ ಎದ್ದು ಕಾಣುತ್ತದೆ, ಅಲ್ಲಿ ಮಾತ್ರ ರಿಪೇರಿ ಮಾಡಿಸಿ ದೀಪಾವಳಿಯ ನಂತರ ಬಣ್ಣ ಹೊಡೆಸಬಹುದು. ಕಪಾಟನ್ನೂ ಆಗಲೇ ಮಾಡಿಸಿ: ನೀರು ತಾಳುವ ಐಎಸ್ 710 (ಮರೈನ್) ಪ್ಲೈವುಡ್, ಹೊರಗೋಡೆಯಿಂದ ಎರಡು ಇಂಚು ದೂರದಲ್ಲಿ.