ಪಿಎಚ್‌ಡಿ ಗುರಿಯಿದ್ದರೆ ಎಂಎಸ್‌ಸಿ ಸ್ಟ್ಯಾಟಿಸ್ಟಿಕ್ಸ್ ಆರಿಸಿಕೊಳ್ಳುವುದು ಹೇಗೆ?

ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಬಿಎಸ್‌ಸಿ ಮುಗಿಸಿ ಎಂಎಸ್‌ಸಿ ಸ್ಟ್ಯಾಟಿಸ್ಟಿಕ್ಸ್‌ಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ವಿಚಾರಿಸುವುದು ಫೀಸು ಎಷ್ಟು, ಹಾಸ್ಟೆಲ್ ಸಿಗುತ್ತದಾ, ಪ್ಲೇಸ್‌ಮೆಂಟ್ ಹೇಗಿದೆ ಎಂದು. ಕೆಲಸಕ್ಕೆ ಸೇರುವವರಿಗೆ ಅಷ್ಟು ಸಾಕು. ಪಿಎಚ್‌ಡಿ ಮನಸ್ಸಿನಲ್ಲಿದ್ದರೆ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಸಿಲಬಸ್. ಅದರಲ್ಲಿ ಗಣಿತ ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ.

ವಿಭಾಗದ ವೆಬ್‌ಸೈಟಿನಿಂದ ಸಿಲಬಸ್ ಇಳಿಸಿಕೊಂಡು ಯೂನಿಟ್‌ಗಳ ಒಳಗೆ ಓದಿ. ಪ್ರಾಬಬಿಲಿಟಿ ಪತ್ರಿಕೆಯಲ್ಲಿ ಸಿಗ್ಮಾ-ಫೀಲ್ಡ್, ಬೋರೆಲ್-ಕ್ಯಾಂಟೆಲಿ ಲೆಮಾ, ಕನ್ವರ್ಜೆನ್ಸ್‌ನ ಬಗೆಗಳು, ಕ್ಯಾರೆಕ್ಟರಿಸ್ಟಿಕ್ ಫಂಕ್ಷನ್, ಲಿಂಡೆಬರ್ಗ್ ಷರತ್ತಿನ ಸೆಂಟ್ರಲ್ ಲಿಮಿಟ್ ಥಿಯರಂ ಇರಬೇಕು. ಬೈನಾಮಿಯಲ್, ಪಾಯ್ಸಾನ್, ನಾರ್ಮಲ್ ಎಂದು ಡಿಸ್ಟ್ರಿಬ್ಯೂಷನ್‌ಗಳ ಪಟ್ಟಿಯೇ ಪತ್ರಿಕೆ ತುಂಬಿದ್ದರೆ ಅದು ಬಿಎಸ್‌ಸಿಯನ್ನೇ ಇನ್ನೊಮ್ಮೆ ಓದಿದ ಹಾಗೆ. ಇನ್ಫರೆನ್ಸ್‌ನಲ್ಲಿ ರಾವ್-ಬ್ಲ್ಯಾಕ್‌ವೆಲ್, ಲೇಮನ್-ಶೆಫೆ, ನೇಮನ್-ಪಿಯರ್‌ಸನ್ ಜೊತೆಗೆ ಮ್ಯಾಕ್ಸಿಮಮ್ ಲೈಕ್ಲಿಹುಡ್‌ನ ಅಸಿಂಪ್ಟಾಟಿಕ್ ಗುಣಗಳೂ ಬರಬೇಕು. ಲೀನಿಯರ್ ಮಾಡೆಲ್ಸ್‌ನಲ್ಲಿ ಗೌಸ್-ಮಾರ್ಕೋವ್ ಮತ್ತು ಎಸ್ಟಿಮಬಿಲಿಟಿ ಹುಡುಕಿ. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜಿಬ್ರಾಗಳಿಗೆ ಪ್ರತ್ಯೇಕ ಪತ್ರಿಕೆ ಇರದಿದ್ದರೆ ಆ ಕೊರತೆಯನ್ನು ಗುರುತು ಹಾಕಿಕೊಳ್ಳಿ.

ಇಷ್ಟು ಗಣಿತ ಯಾಕೆ ಬೇಕು? ಪಿಎಚ್‌ಡಿ ಸಂದರ್ಶನದಲ್ಲಿ ಕೇಳಬಹುದಾದ ಒಂದು ಪ್ರಶ್ನೆ ನೋಡಿ: ಪ್ರಾಬಬಿಲಿಟಿಯಲ್ಲಿ ಕನ್ವರ್ಜ್ ಆಗಿ, ಆಲ್ಮೋಸ್ಟ್ ಶೂರ್ಲಿ (ಅಂದರೆ ಸಂಭವ 1ರೊಂದಿಗೆ) ಆಗದ ಉದಾಹರಣೆ ಕೊಡಿ. ಒಂದಕ್ಕೊಂದು ಇಂಡಿಪೆಂಡೆಂಟ್ ಆದ ವೇರಿಯಬಲ್‌ಗಳನ್ನು ತೆಗೆದುಕೊಳ್ಳಿ. n-ನೆಯದು 1 ಆಗುವ ಸಂಭವ 1/n, ಇಲ್ಲವಾದರೆ 0. n ದೊಡ್ಡದಾದಂತೆ ಸಂಭವ ಸೊನ್ನೆಗೆ ಹೋಗುವುದರಿಂದ ಪ್ರಾಬಬಿಲಿಟಿಯಲ್ಲಿ ಕನ್ವರ್ಜ್ ಆಯಿತು. ಆದರೆ 1/n ಗಳ ಮೊತ್ತ ಅನಂತ, ಹಾಗಾಗಿ ಬೋರೆಲ್-ಕ್ಯಾಂಟೆಲಿಯ ಎರಡನೇ ಭಾಗದ ಪ್ರಕಾರ 1 ಮತ್ತೆ ಮತ್ತೆ ಬರುತ್ತಲೇ ಇರುತ್ತದೆ, ಆಲ್ಮೋಸ್ಟ್ ಶೂರ್ಲಿ ಕನ್ವರ್ಜ್ ಆಗುವುದಿಲ್ಲ. 1/n ಬದಲು 1/n² ಇಟ್ಟರೆ ಮೊತ್ತ ಸೀಮಿತವಾಗುತ್ತದೆ, ಆಗ ಎರಡೂ ಬಗೆಯಲ್ಲಿ ಕನ್ವರ್ಜ್ ಆಗುತ್ತದೆ. ಇದನ್ನು ಬೋರ್ಡಿನ ಮೇಲೆ ಐದು ನಿಮಿಷದಲ್ಲಿ ಬರೆದು ತೋರಿಸುವ ಅಭ್ಯಾಸ ಕೊಡುವ ಎಂಎಸ್‌ಸಿ ನಿಮಗೆ ಬೇಕು.

ಹೆಸರಿನಲ್ಲಿ 'ಡೇಟಾ ಸೈನ್ಸ್' ಸೇರಿದ ಕೋರ್ಸುಗಳ ಬಗ್ಗೆ ಒಂದು ಮಾತು. ಕೆಲವು ಚೆನ್ನಾಗಿವೆ. ಆದರೆ ಮೆಷರ್ ಥಿಯರಿ (ಪ್ರಾಬಬಿಲಿಟಿಗೆ ಅಡಿಪಾಯವಾದ ಗಣಿತ) ತೆಗೆದು ಆ ಜಾಗಕ್ಕೆ ಸಾಫ್ಟ್‌ವೇರ್ ಪತ್ರಿಕೆ ಹಾಕಿದ್ದರೆ ಬೇಡ. ಆರ್, ಪೈಥಾನ್ ಮನೆಯಲ್ಲೇ ಕಲಿಯಬಹುದು. ಮೆಷರ್ ಥಿಯರಿಯನ್ನು ಒಬ್ಬರೇ ಕೂತು ಕಲಿತವರು ಕಡಿಮೆ.

ಸಿಲಬಸ್‌ನಲ್ಲಿರುವುದೆಲ್ಲ ಪಾಠವಾಗುತ್ತದೆ ಎಂದುಕೊಳ್ಳಬೇಡಿ. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹಿಡಿದು ಮೂರು ವಿಷಯ ಕೇಳಿ: ಪ್ರಾಬಬಿಲಿಟಿ ಯಾರು ತೆಗೆದುಕೊಂಡರು, ಅವರು ಕಾಯಂ ಅಧ್ಯಾಪಕರಾ ಅತಿಥಿ ಉಪನ್ಯಾಸಕರಾ, ಪಟ್ಟಿಯಲ್ಲಿರುವ ಎಲೆಕ್ಟಿವ್‌ಗಳಲ್ಲಿ ಹೋದ ವರ್ಷ ನಡೆದದ್ದು ಯಾವುವು. ಅತಿಥಿ ಉಪನ್ಯಾಸಕರಲ್ಲೂ ಒಳ್ಳೆಯ ಮೇಷ್ಟ್ರು ಇದ್ದಾರೆ. ಆದರೆ ಎರಡು ವರ್ಷದ ನಂತರ ನಿಮಗೆ ಶಿಫಾರಸು ಪತ್ರ ಬರೆಯಬೇಕಾದಾಗ ಅವರು ಅಲ್ಲೇ ಇರುತ್ತಾರೆ ಎಂದು ಹೇಳಲಾಗದು. ಆಮೇಲೆ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾ ತೆರೆದು ಆ ವಿಭಾಗದಿಂದ ಇತ್ತೀಚೆಗೆ ಯಾವ ಪ್ರಬಂಧಗಳು ಬಂದಿವೆ, ಮಾರ್ಗದರ್ಶಕರು ಯಾರು ಎಂದು ನೋಡಿ. ವರ್ಷಗಳಿಂದ ಒಂದೂ ಕಾಣದಿದ್ದರೆ ಅಲ್ಲಿ ಸಂಶೋಧನೆಯ ವಾತಾವರಣ ಕಡಿಮೆ ಎಂದೇ ಅರ್ಥ.

ನಮ್ಮ ಕಡೆಯವರಿಗೆ ಹತ್ತಿರ ಎಂದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ. ಶಿರಾಡಿ ಘಾಟಿ ಇಳಿದರೆ ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ. ಹೊರರಾಜ್ಯಕ್ಕೆ ಹೋಗಲು ಸಿದ್ಧವಿದ್ದರೆ ಕೋಲ್ಕತ್ತಾದ ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ನೀಡುವ ಎಂ.ಸ್ಟ್ಯಾಟ್‌ಗೆ ಮೊದಲ ಸ್ಥಾನ. ಅಲ್ಲಿ ಬೋಧನಾ ಶುಲ್ಕವಿಲ್ಲ, ಸ್ಟೈಪೆಂಡ್ ಕೊಡುತ್ತಾರೆ, ಆದರೆ ಪ್ರವೇಶ ಪರೀಕ್ಷೆಯಲ್ಲಿ ಬಿಡಿಸಿ ಬರೆಯುವ ಪ್ರಶ್ನೆಗಳಿರುತ್ತವೆ. ಐಐಟಿ ಕಾನ್ಪುರ, ಬಾಂಬೆಗಳಿಗೆ ಎಂಎಸ್‌ಸಿ ಪ್ರವೇಶ ಪರೀಕ್ಷೆಯಾದ ಜ್ಯಾಮ್‌ನ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ ಬರೆಯಬೇಕು: ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ಸೆಪ್ಟೆಂಬರ್ ಹೊತ್ತಿಗೇ ಶುರು. ಡಿಗ್ರಿ ರಿಸಲ್ಟ್ ಬರಲಿ ಎಂದು ಕಾಯುತ್ತಾ ಈ ದಿನಾಂಕ ತಪ್ಪಿಸಿಕೊಳ್ಳುವವರೇ ಹೆಚ್ಚು. (ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಮೊದಲು ಗಣಿತದಲ್ಲಿ ಎಂಎ ಮಾಡಿ, 1943ರಲ್ಲಿ ಕಲ್ಕತ್ತಾದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂಎ ಮುಗಿಸಿ, 1948ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದವರು. ಗಣಿತ ಮೊದಲು ಎನ್ನುವುದು ಹೊಸ ಮಾತೇನಲ್ಲ.)

ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಇಲ್ಲದೆ ಪಿಸಿಎಂ ಓದಿದವರು ಅರ್ಹತೆಯ ಸಾಲನ್ನು ಎರಡು ಸಲ ಓದಿ. ಅದನ್ನು ಒಂದು ವಿಷಯವಾಗಿ ಓದಿರಲೇಬೇಕು ಎನ್ನುವ ವಿಶ್ವವಿದ್ಯಾಲಯಗಳಿವೆ.

ಸೇರಿದ ಮೇಲೆ ಪ್ರಾಜೆಕ್ಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಲೆನಾಡಿನವರಿಗೆ ಡೇಟಾ ಮನೆಬಾಗಿಲಲ್ಲೇ ಇದೆ: ಕಾಫಿ ತೋಟಗಳಲ್ಲಿ ಇಂಚು-ಸೆಂಟಿನಲ್ಲಿ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳು. ಮಳೆ ಬಂತೋ ಇಲ್ಲವೋ ಎಂಬುದಕ್ಕೆ ಮಾರ್ಕೋವ್ ಚೈನ್, ಬಂದ ದಿನ ಎಷ್ಟು ಎಂಬುದಕ್ಕೆ ಗಾಮಾ ಡಿಸ್ಟ್ರಿಬ್ಯೂಷನ್ ಇಟ್ಟು ಹೂಮಳೆ (ಕಾಫಿ ಹೂವರಳಿಸುವ ಮಳೆ) ತಿಂಗಳುಗಳನ್ನು ಮಾತ್ರ ಮಾಡೆಲ್ ಮಾಡಿದರೂ ಒಳ್ಳೆಯ ಕೆಲಸವಾಗುತ್ತದೆ. ಎಡವುವುದು ಒಂದು ಕಡೆ: ಮಳೆ ಬಾರದ ದಿನವೂ ಬರೆಯಲು ಮರೆತ ದಿನವೂ ಪುಸ್ತಕದಲ್ಲಿ ಖಾಲಿಯಾಗಿಯೇ ಕಾಣುತ್ತವೆ. ಎಲ್ಲವನ್ನೂ ಸೊನ್ನೆ ಎಂದು ತುಂಬಿದರೆ ಒಣ ದಿನಗಳ ಸಂಖ್ಯೆ ಉಬ್ಬಿ ಇಡೀ ಮಾಡೆಲ್ ವಾಲುತ್ತದೆ. ಪಕ್ಕದ ತೋಟದ ಪುಸ್ತಕದೊಂದಿಗೆ ತಾಳೆ ನೋಡಿ, ಅನುಮಾನದ ದಿನಗಳನ್ನು ಮಿಸ್ಸಿಂಗ್ ಎಂದೇ ಇಡಿ.

ದೇಶದೊಳಗೆ ಪಿಎಚ್‌ಡಿಗೆ ಸಿಎಸ್‌ಐಆರ್-ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಒಂದು ಮುಖ್ಯ ದಾರಿ. ಅದರಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಮ್ಯಾಥಮ್ಯಾಟಿಕಲ್ ಸೈನ್ಸಸ್ ಪತ್ರಿಕೆಯ 200 ಅಂಕಗಳಲ್ಲಿ 95 ಇರುವುದು ಪಾರ್ಟ್ ಸಿಯಲ್ಲಿ, ಅಲ್ಲಿ ನೆಗೆಟಿವ್ ಅಂಕವಿಲ್ಲ. ಮೇಲೆ ಗುರುತು ಹಾಕಿಕೊಂಡ ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜಿಬ್ರಾಗಳನ್ನು ಮೊದಲ ಸೆಮಿಸ್ಟರ್‌ನಲ್ಲೇ ಮುಗಿಸಿಕೊಳ್ಳಿ. ಅಮೆರಿಕದ ಪಿಎಚ್‌ಡಿಗೆ ಹೆಚ್ಚಿನ ಕಡೆ ಗಡುವು ಡಿಸೆಂಬರ್‌ನಲ್ಲಿರುತ್ತದೆ, ಮೂರು ಶಿಫಾರಸು ಪತ್ರ ಬೇಕು. ಪಿಎಚ್‌ಡಿಗೆ ಅಲ್ಲಿನ ವಿಭಾಗಗಳು ಸಾಮಾನ್ಯವಾಗಿ ತಾವೇ ಹಣ ಕೊಡುತ್ತವೆ, ಮಾಸ್ಟರ್ಸ್‌ಗೆ ಕೊಡುವುದು ಅಪರೂಪ. ಆದ್ದರಿಂದ ಬರೀ ತಯಾರಿಗೆಂದು ತೋಟ ಅಡವಿಟ್ಟು ಅಮೆರಿಕದಲ್ಲಿ ಮಾಸ್ಟರ್ಸ್ ಮಾಡುವುದು ಬೇಡ; ಇಲ್ಲಿನ ಎಂಎಸ್‌ಸಿ ಮುಗಿಸಿ ನೇರ ಪಿಎಚ್‌ಡಿಗೇ ಅರ್ಜಿ ಹಾಕಿ.