ಏಟಿಗಿಂತ ಏಟು ನಿಲ್ಲಿಸೋದೇ ಕಷ್ಟ

ನಾನು ಕರಾಟೆಗೆ ಸೇರಿದ್ದು ಮೂವತ್ತು ದಾಟಿದ ಮೇಲೆ. ಮಗಳನ್ನು ಕ್ಲಾಸಿಗೆ ಬಿಟ್ಟು ಹೊರಗೆ ಮೊಬೈಲ್ ನೋಡುತ್ತಾ ಕೂರುವ ಅಪ್ಪಂದಿರಲ್ಲಿ ನಾನೂ ಒಬ್ಬ. "ಸುಮ್ನೆ ಕೂರೋ ಬದಲು ಒಳಗೆ ಬನ್ನಿ ಸರ್" ಅಂದರು ಮಾಸ್ಟರ್. ಹೋದೆ. ಬಿಳಿ ಬೆಲ್ಟಿನವರು ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಹಾಗಾಗಿ ಮಗಳು ಮುಂದೆ, ನಾನು ಹಿಂದೆ. ಜೋಡಿಯಾಗಿ ನಿಂತರೆ ಅವಳಿಗೂ ತಲೆಬಾಗಿ "ಓಸ್" ಅನ್ನಬೇಕು. ಮನೇಲಿ ಇದನ್ನು ಅವಳು ಎಷ್ಟು ಸಲ ಎತ್ತಿ ಆಡಿದ್ದಾಳೋ!

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕರಾಟೆಯಿಂದ ಮನಸ್ಸು ಹತೋಟಿಗೆ ಬರುತ್ತೆ ಅಂತ ಬೋರ್ಡಿನಲ್ಲಿ ಬರೆದಿದ್ದರು. ಹೊಡೆಯೋದು ಕಲಿಸಿ ಸಿಟ್ಟು ಇಳಿಸೋದು ಹೇಗೆ ಸ್ವಾಮಿ ಅನಿಸಿತ್ತು.

ಶುರುವಿನಲ್ಲಿ ಹೊಡೆಯೋದೇ ಇರಲಿಲ್ಲ, ಬರೀ ನಿಲ್ಲೋದು. ಕಿಬಾ ದಾಚಿ ಅಂತ ಒಂದು ನಿಲುವು: ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ. ಸ್ವಲ್ಪ ಹೊತ್ತಿಗೇ ತೊಡೆ ಗಡಗಡ ನಡುಗುತ್ತೆ. ಆಗ ಹೆಗಲು ತಾನಾಗೇ ಮೇಲೇರುತ್ತೆ, ಉಸಿರು ಕಟ್ಟುತ್ತೆ, ಹಲ್ಲು ಕಚ್ಚಿಕೊಳ್ಳುತ್ತೆ. "ಹೆಗಲು ಇಳಿಸಿ, ಉಸಿರು ಬಿಡಿ" ಅನ್ನುತ್ತಿದ್ದರು ಮಾಸ್ಟರ್. ಸಿಟ್ಟು ಬಂದಾಗಲೂ ನನ್ನ ಮೈಯಲ್ಲಿ ಆಗೋದು ಇದೇ ಅಲ್ವಾ ಅಂತ ಅಲ್ಲಿ ನಿಂತೇ ಹೊಳೆಯಿತು.

ನಮ್ಮದು ಶೋಟೊಕಾನ್ ಅನ್ನೋ ಕರಾಟೆ ಶೈಲಿ. ಜಪಾನಿನ ಓಕಿನಾವಾ ದ್ವೀಪದ ಶಾಲಾಮೇಷ್ಟ್ರು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ತೋರಿಸಿ, ಅಲ್ಲೇ ಉಳಿದು ಕಲಿಸಿದರು. ಆ ಪರಂಪರೆ ಇದು. ಕರಾಟೆಯಲ್ಲಿ ಮೊದಲ ಏಟು ಇಲ್ಲ ಅನ್ನೋದು ಅವರು ಹೇಳಿಕೊಟ್ಟ ಮಾತು. ಅದು ಗೋಡೆ ಮೇಲಿನ ಮಾತಾಗಿ ಉಳಿದಿಲ್ಲ. ಕಟಾ ಅಂದರೆ ಒಬ್ಬರೇ ಮಾಡುವ, ಕ್ರಮ ಗೊತ್ತುಮಾಡಿದ ಚಲನೆಗಳ ಸರಣಿ. ಹೇಯಾನ್ ಅನ್ನೋ ಐದು ಕಟಾಗಳೂ ತಡೆಯಿಂದಲೇ ಶುರುವಾಗುತ್ತವೆ. ಮೊದಲನೆಯದರಲ್ಲಿ 21 ಚಲನೆ. ಎಡಕ್ಕೆ ತಿರುಗಿ ಕೆಳಗಿನ ಏಟನ್ನು ತಡೆದು, ಆಮೇಲೆ ಹೆಜ್ಜೆ ಮುಂದಿಟ್ಟು ಗುದ್ದು. ದಿನಾ ಇದನ್ನೇ ಮಾಡಿದರೆ ಮೈಗೆ ಆ ಕ್ರಮ ರೂಢಿಯಾಗುತ್ತೆ.

ನಿಜವಾದ ಪಾಠ ಸಿಕ್ಕಿದ್ದು ಜೋಡಿ ಅಭ್ಯಾಸದಲ್ಲಿ. ಎದುರಿನವನ ಹೊಟ್ಟೆಗೆ ಪೂರ್ತಿ ವೇಗದಲ್ಲಿ ಗುದ್ದಬೇಕು, ಚರ್ಮ ತಾಗುವ ಮುಂಚೆ ಮುಷ್ಟಿ ನಿಲ್ಲಬೇಕು. ಭಯಕ್ಕೆ ನಿಧಾನ ಮಾಡಿದರೆ "ಏನ್ರೀ, ಸವರ್ತಿದ್ದೀರಾ?" ಅಂತ ಬೈಗುಳ. ಬರೀ ತೋಳಿನಿಂದ ಅದು ನಿಲ್ಲೋದಿಲ್ಲ. ಕಾಲು ಎಷ್ಟು ದೂರದಲ್ಲಿ ಊರಿದ್ದೀರಿ, ಸೊಂಟ ಎಲ್ಲಿಗೆ ತಿರುಗಿತು, ಉಸಿರು ಬಿಡುತ್ತಾ ಹೊಟ್ಟೆ ಬಿಗಿದಿರಾ, ಇಷ್ಟೂ ಸೇರಿ ನಿಲ್ಲಿಸುತ್ತವೆ. ಎಲ್ಲಿ ನಿಲ್ಲಿಸಬೇಕು ಅಂತ ಹೊರಡುವಾಗಲೇ ಗೊತ್ತಿರಬೇಕು. ಮಾತೂ ಅಷ್ಟೇ. ಆಫೀಸಿನಲ್ಲಿ ಜಗಳ ಹತ್ತುವ ಹೊತ್ತಿಗೆ ಈಗ ಮೊದಲು ಪಾದ ನೆಲಕ್ಕೆ ಊರುತ್ತೇನೆ, ಉಸಿರು ಉದ್ದಕ್ಕೆ ಬಿಡುತ್ತೇನೆ, ಎಲ್ಲಿಯವರೆಗೆ ಹೇಳಬೇಕೋ ಅಲ್ಲಿಯವರೆಗೆ ಹೇಳುತ್ತೇನೆ.

ಕುಮಿತೆಯಲ್ಲಂತೂ, ಅಂದರೆ ಎದುರಾಳಿ ಜೊತೆ ಸೆಣಸುವಾಗ, ಸಿಟ್ಟು ಬಂದವನು ಕೆಟ್ಟ. ಮುಷ್ಟಿಗಿಂತ ಮೊದಲು ಅವನ ಹೆಗಲು ಏಳುತ್ತೆ, ಎದುರಿನವನಿಗೆ ಅಷ್ಟು ಸಾಕು. ಪಂದ್ಯಗಳಲ್ಲೂ ಅತಿಯಾಗಿ ಬಲ ಹಾಕಿ ತಾಗಿಸಿದರೆ ದಂಡ ಹೊಡೆದವನಿಗೇ.

ಎಲ್ಲಾ ಸರಿಹೋಯಿತು ಅಂತಲ್ಲ. ಟ್ರಾಫಿಕ್ಕಿನಲ್ಲಿ ಈಗಲೂ ಬೈತೀನಿ. "ಜಗಳ ಕಡಿಮೆ ಆಗಿಲ್ಲ, ಸದ್ದು ಕಡಿಮೆ ಆಗಿದೆ" ಅನ್ನೋದು ಹೆಂಡತಿಯ ತೀರ್ಪು. ಬ್ಲ್ಯಾಕ್ ಬೆಲ್ಟ್ ಕಟ್ಟಿಯೂ ಕಿಡಿಕಿಡಿ ಆಗುವವರನ್ನು ನಾನೇ ನೋಡಿದ್ದೇನೆ. ಫೀಸ್ ಕಟ್ಟಿದ ಲೆಕ್ಕಕ್ಕೆ ಬೆಲ್ಟ್ ಕೊಡುವ ಕಡೆ ಹತೋಟಿ ಎಲ್ಲಿಂದ ಬರಬೇಕು?

ಸೇರೋ ಮುಂಚೆ ಒಂದು ದಿನ ಹೋಗಿ ಸುಮ್ನೆ ಕೂತು ನೋಡಿ. ಜೋಡಿ ಅಭ್ಯಾಸದಲ್ಲಿ ಯಾರೋ ಹುಡುಗ ಜೋರಾಗಿ ಹೊಡೆದೇಬಿಡುತ್ತಾನೆ. ಆಗ ಮಾಸ್ಟರ್ ಆಟ ನಿಲ್ಲಿಸಿ ಅವನನ್ನು ಪಕ್ಕಕ್ಕೆ ಕೂರಿಸಿದರೆ ಫೀಸ್ ಕಟ್ಟಿ. "ಭೇಷ್" ಅಂದರೆ ಎದ್ದು ಬನ್ನಿ.