ಸುತ್ತುವುದನ್ನು ಬಿಟ್ಟ ಮೇಲೆ ಬೆಳಗಿದ ಮರ

ಕ್ರಿಸ್ಮಸ್ ಮರಕ್ಕೆ ದೀಪದ ಸರವನ್ನು ಸುತ್ತುವುದೇ ತಪ್ಪು, ಬುಡದಿಂದ ತುದಿಗೆ ಹಾವಿನಂತೆ ಹರಿಸಬೇಕು ಎಂದಾಗ ನಮ್ಮ ಭಾವ ನಕ್ಕಿದ್ದರು. "ಊರೆಲ್ಲ ಸುತ್ತುತ್ತದೆ, ನೀನೊಬ್ಬನೇ ಬುದ್ಧಿವಂತ!" ಎಂದೂ ಸೇರಿಸಿದರು. ಈ ಸಲ ಮರದ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಲ್ಲಿ ಅವರೇ ಮೊದಲಿಗರು. ಆ ಹುರುಪಿನಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಆರಡಿಯ ಪ್ಲಾಸ್ಟಿಕ್ ಮರ, ರೆಂಬೆಗಳು ಬಡಕಲು. ಮೊದಲ ವರ್ಷ ಅಲಂಕಾರದ ಗುಂಡು, ಗಂಟೆಗಳನ್ನೆಲ್ಲ ತೂಗುಹಾಕಿದ ಮೇಲೆ ದೀಪದ ನೆನಪಾಯಿತು. ಸರ ಎಳೆದಂತೆಲ್ಲ ಗುಂಡುಗಳು ಉದುರಿ, ಗಾಜಿನವು ಏಳೋ ಎಂಟೋ ಪುಡಿಯಾದವು. ಮರುವರ್ಷ ದೀಪವನ್ನೇ ಮೊದಲು ಸುತ್ತಿದೆ. ಬೆವರೊರೆಸಿಕೊಂಡು ನೋಡಿದರೆ ಪ್ಲಗ್ ಇದ್ದದ್ದು ನಕ್ಷತ್ರ ಕೂರಬೇಕಾದ ಜಾಗದಲ್ಲಿ. ಮೂರನೆಯ ವರ್ಷ ಪ್ಲಗ್ ಬುಡದಲ್ಲೇ ಇತ್ತು, ಆದರೆ ಹಬ್ಬದ ಹಿಂದಿನ ರಾತ್ರಿ ನಡುವಿನ ಸರ ಆರಿತು. ಅದು ಮರವನ್ನು ನಾಲ್ಕೈದು ಸುತ್ತು ಬಳಸಿತ್ತು. ಬಿಚ್ಚಬೇಕೆಂದರೆ ಅಲಂಕಾರವನ್ನೆಲ್ಲ ಇಳಿಸಬೇಕು. ಬಲ್ಬುಗಳನ್ನು ಒಂದೊಂದಾಗಿ ಅಲುಗಾಡಿಸುತ್ತ ಎರಡು ಗಂಟೆ ಕಳೆದು, ಕಡೆಗೆ ಮರದ ಸೊಂಟವನ್ನು ಕತ್ತಲಲ್ಲೇ ಬಿಟ್ಟು ಮಲಗಿದೆ.

ಅಷ್ಟರಲ್ಲಿ ದೀಪಕ್ಕೆ ಸುರಿದ ಹಣದಲ್ಲಿ ಇನ್ನೊಂದು ಮರವೇ ಬರುತ್ತಿತ್ತು. ಅದರಲ್ಲಿ ಅರ್ಧದಷ್ಟು ದಂಡ. ಪೊಟ್ಟಣದ ಮೇಲೆ ಎರಡು ಸರವೂ ಬಿಳಿಯೇ. ಉರಿಸಿದಾಗ ಒಂದು ಬೆಣ್ಣೆಯಂಥ ಬಿಳಿ, ಇನ್ನೊಂದು ಟ್ಯೂಬ್‌ಲೈಟಿನ ನೀಲಿ ಬಿಳಿ.

1882ರಲ್ಲಿ ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್ ತನ್ನ ಮರಕ್ಕೆ 80 ವಿದ್ಯುತ್ ಬಲ್ಬು ಕಟ್ಟಿ, ಮರವನ್ನೇ ತಿರುಗುವಂತೆ ಮಾಡಿದ್ದ. ನಮ್ಮ ಮರ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವಂಥದ್ದು. ಹಾಗಿದ್ದರೂ ಯಾರಿಗೂ ಕಾಣದ ಹಿಂಬದಿಗೆ ಕಾಲುಭಾಗ ಬಲ್ಬು ಸುರಿಯುತ್ತಿದ್ದೆನಲ್ಲ!

ಈ ಸಲ ಮುಂಭಾಗವನ್ನು ಎಡ, ನಡು, ಬಲ ಎಂದು ಮೂರು ಪಟ್ಟಿಯಾಗಿ ನೋಡಿಕೊಂಡೆ. ಪಟ್ಟಿಗೊಂದು ಸರ. ಪ್ಲಗ್ ಬುಡದಲ್ಲಿಟ್ಟು, ಆಯಾ ಪಟ್ಟಿಯೊಳಗೇ ಅತ್ತಿತ್ತ ಹೊರಳಿಸುತ್ತ ಮೇಲಕ್ಕೆ ಹೋದೆ. ತಂತಿಯನ್ನು ರೆಂಬೆಯ ತುದಿಗಷ್ಟೇ ಸಿಕ್ಕಿಸದೆ, ಕಾಂಡದವರೆಗೆ ಒಳಗೆ ಒಯ್ದು ಅದೇ ರೆಂಬೆಯ ಅಡಿಯಿಂದ ಹೊರತಂದೆ. ಕೆಲಸ ನಿಧಾನ, ಅಂಗೈ ತುಂಬ ತರಚು. ಆದರೆ ಬೆಳಕು ಮರದ ಹೊಟ್ಟೆಯಿಂದಲೇ ಬರುತ್ತದೆ. ಮರದ ಒಂದಡಿ ಎತ್ತರಕ್ಕೆ ನೂರು ಬಲ್ಬಿನ ಹಳೆಯ ಲೆಕ್ಕದಲ್ಲಿ 600 ಬೇಕಿತ್ತು, ನನಗೆ 450ರ ಆಸುಪಾಸಿನಲ್ಲಿ ಮುಗಿಯಿತು. ಸರವೊಂದು ಕೆಟ್ಟರೂ ಅದರ ಪಟ್ಟಿಯನ್ನಷ್ಟೇ ಬಿಚ್ಚಿದರಾಯಿತು.

ಗುಂಡು ತೂಗುವ ಮೊದಲು ಕೋಣೆಯ ದೀಪ ಆರಿಸಿ, ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಅರೆಮುಚ್ಚಿ ನೋಡಬೇಕು. ಬಲ್ಬುಗಳು ಕಲಸಿಹೋಗಿ, ಕತ್ತಲ ತೂತುಗಳು ಮಾತ್ರ ಎದ್ದು ಕಾಣುತ್ತವೆ. ಆ ತೂತುಗಳ ಪಕ್ಕ, ಕಾಂಡಕ್ಕೆ ಹತ್ತಿರವಾಗಿ, ದೊಡ್ಡ ಗುಂಡುಗಳನ್ನು ಇಟ್ಟೆ. ಗೀರು ಬಿದ್ದ ಹಳೆಯವೇ ಸಾಕು. ಒಳಗಿನ ಬೆಳಕನ್ನು ಅವು ಹೊರಗೆ ಎಸೆಯುತ್ತವೆ. ಹೊಸವು, ಸಣ್ಣವು ತುದಿಗೆ. ಕೊಕ್ಕೆಯ ಬಾಲವನ್ನು ರೆಂಬೆಗೆ ಒಂದು ಸುತ್ತು ಹೊಸೆದದ್ದರಿಂದ ಈ ಸಲ ಬೆಕ್ಕಿನ ಪಾಲಿಗೆ ಸಿಕ್ಕಿದ್ದು ಎರಡೇ.

ನಡುವೆ ಇನ್ನೊಂದು ಹುಚ್ಚೂ ನಡೆಯಿತು. ಎರಡು ಪಾಲು ಹಿಟ್ಟು, ಒಂದು ಪಾಲು ಉಪ್ಪು ಕಲಸಿ ನಕ್ಷತ್ರಗಳನ್ನು ಮಾಡಿ ಒಣಗಿಸಿದೆ. ಉಪ್ಪು ತೇವ ಎಳೆದು ವಾರದೊಳಗೆ ಮೆತ್ತಗಾದವು. ಮತ್ತೆ ಮಾಡಿದವಕ್ಕೆ ಎರಡೂ ಕಡೆ ವಾರ್ನಿಷ್ ಬಳಿದೆ, ಅವು ಇನ್ನೂ ಗಟ್ಟಿಯಾಗಿವೆ. ಕಿತ್ತಳೆಯ ಬಿಲ್ಲೆಗಳನ್ನು ಪೂರ್ತಿ ಒಣಗಿಸುವ ತಾಳ್ಮೆಯಿಲ್ಲದೆ ತೂಗಿದ್ದೆ. ಅವುಗಳ ಮೇಲೆ ಬೆಳೆದ ಬೂಷ್ಟಿನ ಬಣ್ಣ ಮರಕ್ಕೆ ಚೆನ್ನಾಗಿಯೇ ಒಪ್ಪಿತ್ತು.

ತುದಿಯ ನಕ್ಷತ್ರ ಒಂದಿಷ್ಟೂ ವಾಲಿಲ್ಲ. ಅದರ ಬೆನ್ನಿಗೆ ಹಾಕಿದ ಗಂಟು ಎಂಥದ್ದೆಂದು ಇಲ್ಲಿ ಹೇಳುವುದಿಲ್ಲ. ಮರ ಬಿಚ್ಚುವ ದಿನ ಭಾವ ತಾವಾಗಿಯೇ ಏಣಿ ಹಿಡಿದು ಬಂದು ಹಿಂಬದಿಗೆ ಇಣುಕಿದರು. ಅಷ್ಟರಲ್ಲಿ ನಕ್ಷತ್ರ ಪೆಟ್ಟಿಗೆ ಸೇರಿಯಾಗಿತ್ತು.